ಭಾನುವಾರ ಬೆಳಗಿನ ಮೇಕೆ

ಜಲಮಾಪನ ಕೇಂದ್ರದ ಮನೆ,
ಮಾರ್ಚ್ ಒಂಬತ್ತು, ಸೋಮವಾರ, ಬೆಳಗ್ಗೆ ಆರೂವರೆ

ಪ್ರೀತಿಯ ಮೂರು ಮಿಲಿಮೀಟರಿಗೆ,

ನಾನು ಬಾವಿಗೆ ಬಿದ್ದಿದ್ದೇನೆ. ಈ ಕಾಗದ ಕಂಡ ಕೂಡಲೇ ಹೊರಟು ಬಾ.

ಹೊರಟೆಯಾ? ಬೇಡ, ಕೂತುಕೋ. ಸುಳ್ಳು. ನಮ್ಮ ಬಾವಿ ಅಂದರೆ ನೆಲಕ್ಕೆ ಇಳಿಸಿದ ಒಂದು ಕಬ್ಬಿಣದ ಕೊಳವೆ, ಅದರ ಬಾಯಿ ನನ್ನ ಅಂಗೈಯಷ್ಟು. ಅದರೊಳಗೆ ಬೀಳುವ ಯೋಗ್ಯತೆ ನನ್ನ ಹೊಟ್ಟೆಗೆ ಇಲ್ಲ ಅನ್ನುವುದು ನಿನಗೂ ಗೊತ್ತು. ಆದರೂ ಅರೆಗಳಿಗೆ ನಿನ್ನ ಎದೆ ಧಸಕ್ ಅಂದಿರಬೇಕು. ಅಂದಿತೋ ಇಲ್ಲವೋ ತಿಳಿಯಲಿಕ್ಕೇ ಹಾಗೆ ಬರೆದೆ, ತಿಳಿಯುವ ದಾರಿ ಮಾತ್ರ ನನ್ನ ಹತ್ತಿರ ಇಲ್ಲ. ಎರಡು ವರ್ಷದಿಂದ ನಿನ್ನ ಕಡೆಯಿಂದ ಬರುವುದು ನಾವಿಬ್ಬರೂ ದುಡಿಯುವ ಇಲಾಖೆಯ ಅಚ್ಚು ಹಾಕಿದ ಫಾರಂ, ಅದರ ಬುಡದಲ್ಲಿ ನಿನ್ನ ಸಹಿ. ಆ ಸಹಿಯ ಬಾಲ ನೋಡಿಯೇ ನಿನ್ನ ಆರೋಗ್ಯ ಅಂದಾಜು ಮಾಡುತ್ತಿದ್ದೇನೆ. ಹೋದ ಸಲದ ಫಾರಮಿನಲ್ಲಿ ಬಾಲ ಮೊಂಡಾಗಿತ್ತು. ನೆಗಡಿಯೇ, ಬೆನ್ನುನೋವೇ? ದಿನವಿಡೀ ಪರದೆಯ ಮುಂದೆ ಕೂರುವವಳು ಗಂಟೆಗೊಮ್ಮೆಯಾದರೂ ಎದ್ದು ಓಡಾಡು. ನೀರು ಕುಡಿ. ನೀರಿನ ಬಗ್ಗೆ ಓದಿದವರು ನೀರು ಕುಡಿದದ್ದನ್ನು ನಾನು ಕಂಡಿಲ್ಲ, ಇಲ್ಲಿಗೆ ಬಂದವರೆಲ್ಲ ಚಹಾದ ಮೇಲೆಯೇ ಬದುಕಿದವರು. ನಾನು ಚೆನ್ನಾಗಿದ್ದೇನೆ. ಮಂಡಿ ಎರಡೂ ಮಾತಾಡುತ್ತವೆ, ಎಡಕಿವಿ ಏನನ್ನೂ ಕೇಳಿಸಿಕೊಳ್ಳುವುದಿಲ್ಲ, ಹಾಗಾಗಿ ಮನೆಯಲ್ಲಿ ಜಗಳವಿಲ್ಲ.

ಬಾವಿಗೆ ಬಿದ್ದದ್ದು ನನ್ನ ಕನ್ನಡಕ. ಶನಿವಾರ ಬೆಳಗ್ಗೆ ಎಂದಿನಂತೆ ಅಳತೆಯ ಪಟ್ಟಿ ಇಳಿಸಿದೆ. ಪಟ್ಟಿಯ ತುದಿಗೆ ಬೋರಲು ಹಾಕಿದ ಹಿತ್ತಾಳೆಯ ಪುಟ್ಟ ಬಟ್ಟಲು ಇರುತ್ತದಲ್ಲ, ನೀರು ಮುಟ್ಟಿದರೆ ಗುಳುಂ ಅನ್ನುವುದು, ಅದು ನಲವತ್ತೊಂದು ಮೀಟರ್ ಇಳಿದರೂ ಬಾಯಿ ಬಿಡಲಿಲ್ಲ. ನನ್ನ ಕಿವಿಯದೇ ತಪ್ಪಿರಬೇಕು ಅಂತ ಕೊಳವೆಯ ಬಾಯಿಗೆ ಬಲಗಿವಿ ಕೊಟ್ಟು ಬಗ್ಗಿದೆ, ಕನ್ನಡಕ ಜಾರಿತು. ಒಂದು, ಎರಡು, ಮೂರು ಎಣಿಸಿದೆ. ಟಕ್ ಅಂತು. ಗುಳುಂ ಅಲ್ಲ, ಟಕ್. ಕಿವುಡನಿಗೂ ಅರ್ಥವಾಗುವ ಸದ್ದು. ನಿನಗೆ ಅಕ್ಷರ ಕಲಿಸುವಾಗ ಬಾವಿಯ ತಲೆ ಹಾರಿಸಿದರೆ ಉಳಿಯುವುದು ಆವಿ ಅಂತ ಹೇಳಿ ನಗಿಸುತ್ತಿದ್ದೆ, ನೆನಪಿದೆಯಾ? ಈಗ ಅದೂ ಉಳಿದಿಲ್ಲ. ದಾಖಲೆಯ ಪುಸ್ತಕದಲ್ಲಿ ‘ನೀರಿಲ್ಲ’ ಅಂತ ಬರೆದೆ. ಮೂವತ್ತೆಂಟು ವರ್ಷದಲ್ಲಿ ಆ ಅಂಕಣದಲ್ಲಿ ಅಂಕಿಯ ಬದಲು ಅಕ್ಷರ ಬರೆದದ್ದು ಅದೇ ಮೊದಲು. ಈ ಕಾಗದವನ್ನು ಹಳೆಯ ಕನ್ನಡಕದಲ್ಲಿ ಬರೆಯುತ್ತಿದ್ದೇನೆ, ಒಂದು ಗಾಜು ಸೀಳಿದೆ, ಸಾಲು ಸೊಟ್ಟಗಾದರೆ ಸಹಿಸಿಕೋ.

ನಿಮ್ಮಮ್ಮ ಇದ್ದಿದ್ದರೆ ನಾನು ಬಗ್ಗುವ ಪ್ರಮೇಯವೇ ಇರಲಿಲ್ಲ. ನೌಕರಿ ನನ್ನದು, ಕಿವಿ ಅವಳದು. ಕೊಳವೆಯ ಪಕ್ಕ ಮಣೆ ಹಾಕಿಕೊಂಡು ಕಣ್ಣು ಮುಚ್ಚಿ ಕೂರುತ್ತಿದ್ದಳು, ನಾನು ಪಟ್ಟಿ ಬಿಡುತ್ತಾ ಹೋಗುತ್ತಿದ್ದೆ, ‘ಹಾಂ, ಹಿಡೀರಿ’ ಅನ್ನುತ್ತಿದ್ದಳು, ನಾನು ಹಿಡಿದು ಓದುತ್ತಿದ್ದೆ. ಇಲಾಖೆಯವರು ನನಗೆ ಕೊಟ್ಟ ನಿಖರತೆಯ ಪ್ರಶಸ್ತಿಪತ್ರ ಇದೆಯಲ್ಲ, ಅಡುಗೆಮನೆಯ ಬಾಗಿಲ ಮೇಲೆ ನೇತಾಡುವುದು, ಅದನ್ನು ಅವಳ ಕಿವಿಗೆ ಓಲೆಯಾಗಿ ತೂಗಿಹಾಕಬೇಕಿತ್ತು. ಒಮ್ಮೆ ಪಟ್ಟಿ ಬಿಡದೆಯೇ ಬಾಯಲ್ಲಿ ಗುಳುಂ ಅಂದೆ. ಅವಳು ಕಣ್ಣು ತೆರೆಯಲಿಲ್ಲ. ‘ಅದು ಬಾವಿ ಅಲ್ಲ, ಬಾಯಿ’ ಅಂದಳು. ನನ್ನ ಜೊತೆ ಇದ್ದು ಇದ್ದು ಅವಳಿಗೂ ಅಂಟಿಕೊಂಡಿತ್ತು ಈ ರೋಗ.

ಇನ್ನು ಇಲ್ಲಿಯ ಸುದ್ದಿ. ಎಲ್ಲಾ ಒಂದೇ ಬಣ್ಣದ್ದು, ಯಾವುದನ್ನು ಮೊದಲು ಹೇಳಿದರೂ ವ್ಯತ್ಯಾಸವಿಲ್ಲ. ಆವಿಯ ತಟ್ಟೆಯಿಂದ ಶುರು ಮಾಡುತ್ತೇನೆ. ಸೂರ್ಯ ನಿನ್ನೆ ಎಷ್ಟು ಕುಡಿದ ಅಂತ ತಿಳಿಯಬೇಕಾದರೆ ಅವನು ಕುಡಿದಷ್ಟನ್ನು ಇವತ್ತು ಗುರುತಿನವರೆಗೆ ಮತ್ತೆ ತುಂಬಬೇಕು, ತುಂಬಿದ್ದೇ ಅಳತೆ. ನಿಯಮದ ಪುಸ್ತಕ ಬರೆದವರ ಕಾಲದಲ್ಲಿ ನಲ್ಲಿ ತಿರುಗಿಸಿದರೆ ನೀರು ಬರುತ್ತಿತ್ತು. ಈಗ ವಾರಕ್ಕೆ ಎರಡು ಸಲ ಟ್ಯಾಂಕರ್. ನಮ್ಮ ಬೇಲಿಯ ಉದ್ದಕ್ಕೂ ಬೆಳಗ್ಗೆಯೇ ಬಿಂದಿಗೆಗಳ ಸಾಲು ನಿಲ್ಲುತ್ತದೆ, ಬೇಲಿಯ ಈಚೆ ನಾನು ಒಂದು ಬಿಂದಿಗೆ ತುಂಬ ನೀರನ್ನು ಬಿಸಿಲಿಗೆ ಸುರಿಯುತ್ತೇನೆ. ಎದುರು ಮನೆಯ ದರ್ಜಿ ಹೆಂಗಸು ಬೇಲಿ ಹಿಡಿದು ನೋಡುತ್ತಿದ್ದಳು. ‘ದಿನಾ ಆ ಸೂರ್ಯನಿಗೆ ಕುಡಿಸ್ತೀರಲ್ಲ ತಾತ, ಅವನೇನು ನಿಮ್ಮ ಅಳಿಯನಾ?’ ಅಂದಳು. ‘ಅಳಿಯ ಅಲ್ಲಮ್ಮ, ಅಳೆಯೋಕೆ’ ಅಂದೆ. ಮಾತು ಸೊಗಸಾಗಿಯೇ ಬಂತು. ಅವಳು ನಗಲಿಲ್ಲ. ಸಾಲಿನಲ್ಲಿ ಯಾರೂ ನಗಲಿಲ್ಲ. ಅಂದಿನಿಂದ ಬೇಲಿಗೆ ಬೆನ್ನು ಹಾಕಿ ಸುರಿಯುತ್ತೇನೆ. ಇದೇ ತಟ್ಟೆಗೆ ರಬ್ಬರ್ ಮೀನು ಬಿಟ್ಟು ತಪಾಸಣೆಗೆ ಬಂದವರಿಂದ ‘ಮೀನಿನ ಇರುವಿಕೆ ಗಮನಿಸಲಾಗಿದೆ’ ಅಂತ ವರದಿ ಬರೆಸಿದವನು ನಾನೇ ಅಂದರೆ ಈಗ ನನಗೂ ನಂಬಿಕೆ ಬರುವುದಿಲ್ಲ.

ನದಿಯ ಅಳತೆಗಂಬ ಮರಳಲ್ಲಿ ನಿಂತಿದೆ. ಅದರ ಸೊನ್ನೆ ನನ್ನ ಮಂಡಿಯ ಎತ್ತರಕ್ಕೆ ಬರುತ್ತದೆ, ನೀರು ಸೊನ್ನೆಗಿಂತ ಎಷ್ಟು ಕೆಳಗೆ ಅನ್ನುವುದಕ್ಕೆ ಅಗೆದು ನೋಡಬೇಕು, ಅಗೆಯುವುದು ನನ್ನ ನಿಯಮದಲ್ಲಿಲ್ಲ. ಯಾರೋ ಅದಕ್ಕೆ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದ್ದಾರೆ. ಒಗೆಯಲಿಕ್ಕೆ ನೀರು ಎಲ್ಲಿಂದ ತಂದರೋ. ಹರಿವು ನಿಂತ ಮೇಲೆ ಅರಿವು ಮೂಡಿ ಪಟ್ಟಣದ ದೊಡ್ಡವರು ಒಂದು ಸಭೆ ಸೇರಿದ್ದರು, ನನ್ನನ್ನೂ ಕರೆದು ಕೂರಿಸಿದರು. ಹೇಳಿದೆ. ಮೇಲಿಂದ ಬಂದದ್ದು ಎಷ್ಟು, ಹರಿದು ಹೋದದ್ದು ಎಷ್ಟು, ಆವಿಯಾಗಿ ಹಾರಿದ್ದು ಎಷ್ಟು, ಒಳಗೆ ಉಳಿದದ್ದು ಎಷ್ಟು. ಮೊದಲ ಮೂರನ್ನು ಕೂಡಿ ಕಳೆದರೆ ನಾಲ್ಕನೆಯದು ಸಿಗುತ್ತದೆ, ಹನ್ನೊಂದು ವರ್ಷದಿಂದ ಆ ನಾಲ್ಕನೆಯದು ಸೊರಗುತ್ತಲೇ ಇದೆ ಅಂದೆ. ಗಮನವಿಟ್ಟು ಕೇಳಿದರು. ಆಮೇಲೆ ಒಬ್ಬರು ಎದ್ದು ‘ಯಜಮಾನ್ರು ತಮಾಷೆ ಮನುಷ್ಯ’ ಅಂದರು, ಎಲ್ಲರೂ ಚಪ್ಪಾಳೆ ತಟ್ಟಿ ಇನ್ನೂ ನಾಲ್ಕು ಕೊಳವೆಬಾವಿ ಕೊರೆಸುವುದು ಅಂತ ನಿರ್ಧರಿಸಿದರು.

ಮೋಡ ಬರುತ್ತದೆ, ಮೋಡಿ ಮಾಡಿ ಹೋಗುತ್ತದೆ. ಮಳೆಯ ಡಬ್ಬಿಯನ್ನು ದಿನಾ ಎಂಟೂವರೆಗೆ ತೆರೆದು ನೋಡುತ್ತೇನೆ. ಜೇಡವೊಂದು ಅಲ್ಲಿ ಸಂಸಾರ ಹೂಡಿತ್ತು. ಬಹಳ ದಿನ ಓಡಿಸಲಿಲ್ಲ, ಅದನ್ನು ಓಡಿಸಬೇಕಾಗಿದ್ದದ್ದು ಮಳೆ.

ಈಗ ತೂಗುತೊಟ್ಟಿಯ ವಿಷಯ. ಅದರ ಬಗ್ಗೆ ನಿನಗೆ ಗೊತ್ತಿಲ್ಲದ್ದು ಏನೂ ಇಲ್ಲ, ಆದರೂ ಹೇಳುತ್ತೇನೆ, ಗೊತ್ತಿರುವವರಿಗೇ ಹೇಳುವ ಚಪಲ ಮುದುಕರಿಗೆ. ಹಿತ್ತಲಿನ ನಡುವೆ ನೆಲಕ್ಕೆ ಸಮನಾಗಿ ಕೂತಿರುವ ಕಬ್ಬಿಣದ ಪೆಟ್ಟಿಗೆ, ಎರಡು ಮೀಟರ್ ಅಗಲ, ಎರಡು ಮೀಟರ್ ಉದ್ದ, ಆಳೆತ್ತರದ ಆಳ. ಒಳಗೆ ಇಲ್ಲಿಯದೇ ಮಣ್ಣು, ಮೇಲೆ ಇಲ್ಲಿಯದೇ ಹುಲ್ಲು. ಕೆಳಗೆ ಗುಂಡಿಯಲ್ಲಿ ತಕ್ಕಡಿಯ ತೋಳು. ಹತ್ತು ಟನ್ ಭೂಮಿಯನ್ನು ತಕ್ಕಡಿಯಲ್ಲಿ ಕೂರಿಸಿ ಅದು ಎಷ್ಟು ಕುಡಿಯಿತು, ಎಷ್ಟು ಬೆವರಿತು ಅಂತ ತೂಗುವ ಹುಚ್ಚು ಯಾರ ತಲೆಗೆ ಮೊದಲು ಬಂತೋ, ಅವರ ಪಾದಕ್ಕೆ ನಮಸ್ಕಾರ. ಆ ತೋಳಿಗೆ ಕಟ್ಟಿದ ಪೆನ್ನು ಕಾಗದದ ಮೇಲೆ ಗೆರೆ ಎಳೆಯುತ್ತಾ ಮಳೆ ಬಂದರೆ ಮೇಲೆ ಹತ್ತುತ್ತಿತ್ತು, ಬಿಸಿಲು ಬಿದ್ದರೆ ಕೆಳಗೆ ಜಾರುತ್ತಿತ್ತು. ನಾಲ್ಕು ಕಿಲೋ ತೂಕಕ್ಕೆ ಒಂದು ಮಿಲಿಮೀಟರ್ ಮಳೆ. ತೂಕದ ಕೆಲಸದವನು ತೂಕಡಿಸಬಾರದು ಅಂತ ಗುಂಡಿಯ ಬಾಗಿಲ ಮೇಲೆ ನಾನೇ ಸುಣ್ಣದಲ್ಲಿ ಬರೆದದ್ದು ಇನ್ನೂ ಇದೆ. ದೊಡ್ಡ ಸಾಹೇಬರು ಬಂದಾಗ ಮಾತಾಡಿಸುತ್ತಾ ಆ ಹುಲ್ಲಿನ ಮೇಲೆ ನಿಲ್ಲಿಸಿ, ಆಮೇಲೆ ಪೆನ್ನಿನ ಗೆರೆ ತೋರಿಸಿ, ‘ಸಾರ್, ಈಗ ತಾವು ಇಪ್ಪತ್ತೊಂದು ಮಿಲಿಮೀಟರ್ ಸುರಿದಿದ್ದೀರಿ’ ಅಂದಿದ್ದೆ. ಅದಕ್ಕೆ ನನಗೆ ಎರಡು ವರ್ಷ ಬಡ್ತಿ ಸಿಗಲಿಲ್ಲ, ಅಷ್ಟು ಬೆಲೆಗೆ ಆ ನಗು ಅಗ್ಗವೇ.

ನಿನಗೆ ಮೂರು ತುಂಬಿದ ಬೆಳಗ್ಗೆ ನಿನ್ನನ್ನೂ ಅದರ ಮೇಲೆ ನಿಲ್ಲಿಸಿದೆ. ಅಲ್ಲಾಡಬೇಡ ಅಂದರೆ ಉಸಿರನ್ನೂ ಹಿಡಿದು ನಿಂತೆ. ಪೆನ್ನು ಮೂರು ಮಿಲಿಮೀಟರ್ ಹತ್ತಿತು. ಅಂದಿನಿಂದ ನಿನ್ನ ಹೆಸರು ಅದೇ ಆಯಿತು. ಪ್ರತಿ ಹುಟ್ಟಿದ ದಿನವೂ ನಿಲ್ಲಿಸಿದೆ. ಗೆರೆ ಹೀಗೆ ಏಕಾಏಕಿ ಜಿಗಿದರೆ ಪುಸ್ತಕದಲ್ಲಿ ಕಾರಣ ಬರೆಯಬೇಕು, ನಾನು ‘ಹಕ್ಕಿ ಕೂತಿತ್ತು’ ಅಂತ ಬರೆಯುತ್ತಿದ್ದೆ. ನಿನಗೆ ಹನ್ನೆರಡಾದಾಗ ಎಂಟು ಮಿಲಿಮೀಟರ್ ಬಂತು, ಮೂವತ್ತೆರಡು ಕಿಲೋದ ಹಕ್ಕಿ ಯಾವುದು ಅಂತ ಕಚೇರಿಯಿಂದ ವಿವರಣೆ ಕೇಳಿ ಪತ್ರ ಬಂತು. ಅಲ್ಲಿಗೆ ನಿಲ್ಲಿಸಿದೆವು. ಹಕ್ಕಿ ಹಾರಿಹೋಯಿತು ಅಂತ ಉತ್ತರ ಬರೆದೆ, ಮುಂದೆ ಅದು ನಿಜವೂ ಆಯಿತು. ಓದಿ ಓದಿ ನೀನು ಆಕಾಶವನ್ನೇ ಹತ್ತಿದೆ.

ನಿನ್ನ ಕೆಲಸವನ್ನು ಇಲ್ಲಿಯವರಿಗೆ ವಿವರಿಸುವಾಗ ನನಗೆ ಬರುವ ಗತ್ತು ನೀನು ನೋಡಬೇಕು. ಎರಡು ಉಪಗ್ರಹ, ಒಂದು ಮುಂದೆ, ಒಂದು ಹಿಂದೆ, ಮುನಿಸಿಕೊಂಡ ವಾರಗಿತ್ತಿಯರ ಹಾಗೆ ಮಾತಿಲ್ಲದೆ ಒಂದೇ ದಾರಿಯಲ್ಲಿ ಹೋಗುತ್ತವೆ ಅನ್ನುತ್ತೇನೆ. ಕೆಳಗೆ ನೆಲದಲ್ಲಿ ನೀರು ಹೆಚ್ಚಿದ್ದರೆ ಅಲ್ಲಿಯ ಸೆಳೆತ ಕೂದಲೆಳೆಯಷ್ಟು ಹೆಚ್ಚು, ಮುಂದಿನವಳು ಒಂಚೂರು ಬೇಗ ಎಳೆಯಲ್ಪಡುತ್ತಾಳೆ, ಇಬ್ಬರ ನಡುವಿನ ಅಂತರ ಬದಲಾಗುತ್ತದೆ, ಆ ಅಂತರ ನೋಡಿ ನನ್ನ ಮಗಳು ಭೂಮಿಯೊಳಗಿನ ನೀರು ತೂಗುತ್ತಾಳೆ. ದರ್ಜಿ ಹೆಂಗಸು ‘ಅಷ್ಟು ದೂರದಿಂದ ನಮ್ಮ ಬಿಂದಿಗೆ ಕಾಣಿಸುತ್ತಾ?’ ಅಂತ ಕೇಳಿದಳು. ಕಾಣಿಸುವುದಿಲ್ಲ, ಅವಳ ಪರದೆಯ ಒಂದು ಚೌಕದಲ್ಲಿ ನಾನೂರು ಊರು ಅಡಗುತ್ತವೆ ಅಂದೆ. ಆದರೆ ನಮ್ಮ ಸೀಮೆ ವರ್ಷ ವರ್ಷ ಹಗುರಾಗುತ್ತಿದೆ ಅನ್ನುವುದು ನಿನಗೆ ಅಲ್ಲಿಂದಲೇ ಕಂಡಿತ್ತು. ಆಗ ಇಲ್ಲಿ ಪೆನ್ನು ಹೋಗಿ ತಂತಿ ಬಂದಿತ್ತು, ತೊಟ್ಟಿಯ ಅಂಕಿ ತಾನಾಗಿಯೇ ನಿನ್ನ ಪರದೆಗೆ ಬರುತ್ತಿತ್ತು, ಆಕಾಶದ ಲೆಕ್ಕ ಸರಿಯೇ ಅಂತ ನೀನು ನನ್ನ ಹತ್ತು ಟನ್ನಿನ ಜೊತೆ ತಾಳೆ ನೋಡುತ್ತಿದ್ದೆ. ಪ್ರತಿ ಸೋಮವಾರ ಫೋನು. ಇಷ್ಟು ದೊಡ್ಡ ಆಕಾಶ ನನ್ನ ಹಿತ್ತಲನ್ನು ಸಾಕ್ಷಿ ಕರೆಯುತ್ತಿದೆಯಲ್ಲ ಅಂತ ನಾನು ಉಬ್ಬಿಹೋಗಿದ್ದೆ.

ಆ ಸೋಮವಾರಗಳಲ್ಲೇ ಮೇಕೆಯ ಮಾತು ಬಂದದ್ದು. ‘ಅಪ್ಪ, ಭಾನುವಾರ ಬೆಳಗ್ಗೆ ಏಳಕ್ಕೆ ತೊಟ್ಟಿ ಮೇಲೆ ಏನೋ ಹತ್ತಿತ್ತು, ಎರಡು ನಿಮಿಷ, ಹದಿಮೂರು ಮಿಲಿಮೀಟರ್’ ಅಂದೆ ನೀನು. ಹಾಲಿನವನ ಮೇಕೆ ಅಂದೆ ನಾನು, ಊರಲ್ಲಿ ಹಸಿರು ಉಳಿದಿರುವುದು ಆ ತೊಟ್ಟಿಯ ಮೇಲೆ ಮಾತ್ರ, ಬೇಲಿ ಹಾರಿ ಬರುತ್ತದೆ ಅಂದೆ. ಮುಂದಿನ ವಾರವೂ ಬಂತು. ‘ಭಾನುವಾರವೇ ಬರುತ್ತಲ್ಲ, ಕ್ಯಾಲೆಂಡರ್ ನೋಡೋ ಮೇಕೆನಾ?’ ಅಂದೆ ನೀನು. ಉಳಿದ ದಿನ ಕಟ್ಟಿಹಾಕುತ್ತಾನೆ, ಭಾನುವಾರ ಹಾಲಿನವನು ಏಳುವುದು ತಡ ಅಂದೆ. ನೀನು ನಗುತ್ತಾ ಆ ಎರಡು ನಿಮಿಷವನ್ನು ಪಕ್ಕಕ್ಕೆ ಎತ್ತಿಟ್ಟೆ. ಮಳೆಗಾಲ ಬರಬೇಕಾದ ತಿಂಗಳು ಬಂದು ಹೋಯಿತು. ‘ಅಪ್ಪ, ನಿನ್ನ ಮೇಕೆ ಸೊರಗ್ತಾ ಇದೆ, ಹನ್ನೊಂದಕ್ಕೆ ಇಳಿದಿದೆ’ ಅಂದೆ ನೀನು. ಬರಗಾಲವಲ್ಲವಾ, ಅದು ಏನು ತಿಂದೀತು ಅಂದೆ. ನೀನು ‘ಪಾಪ, ತಿನ್ನಲಿ ಬಿಡು, ಓಡಿಸಬೇಡ’ ಅಂದೆ.

ಹೋದ ವಾರ ಕಚೇರಿಯಿಂದ ಆದೇಶ ಬಂತು, ನಿನಗೆ ಮೊದಲೇ ಗೊತ್ತಿರಬೇಕು. ಕೇಂದ್ರ ಮುಚ್ಚುತ್ತಾರೆ. ಅಳೆಯಲಿಕ್ಕೆ ಇಲ್ಲಿ ಏನೂ ಉಳಿದಿಲ್ಲ ಅನ್ನುವುದು ಕಾರಣ, ಇದಕ್ಕೆ ನಾನು ಎದುರು ಮಾತಾಡಲಾರೆ, ಟಕ್ ಅನ್ನುವ ಸದ್ದನ್ನು ನಾನೇ ಕೇಳಿದ್ದೇನೆ. ಇವತ್ತು ಹತ್ತು ಗಂಟೆಗೆ ಕ್ರೇನು ಬಂದು ತೂಗುತೊಟ್ಟಿಯನ್ನು ಎತ್ತುತ್ತದೆ, ಕಬ್ಬಿಣ ಬೇರೆ, ಮಣ್ಣು ಬೇರೆ. ನಿನ್ನೆ ಅವರು ಜಾಗ ನೋಡಲು ಬಂದಾಗ, ಮಣ್ಣನ್ನು ಎಲ್ಲಿ ಹಾಕುತ್ತೀರಿ ಅಂತ ಕೇಳಿದೆ. ಕ್ರೇನಿನವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ, ‘ಮಣ್ಣನ್ನ ಮಣ್ಣಿಗೆ ಹಾಕೋದಪ್ಪ’ ಅಂದ. ಮೂವತ್ತೆಂಟು ವರ್ಷ ತೂಗಿದ ಮಣ್ಣು ಇವತ್ತಿನಿಂದ ಬರೀ ಮಣ್ಣು. ನಾನು ತಿಂಗಳ ಕೊನೆಗೆ ಈ ಮನೆ ಬಿಡಬೇಕು. ಎಲ್ಲಿಗೆ ಅಂತ ಇನ್ನೂ ಯೋಚಿಸಿಲ್ಲ. ನಿನ್ನ ಹತ್ತಿರ ಬರುತ್ತೇನೆ ಅಂತ ಕೇಳುತ್ತಿಲ್ಲ, ಹೆದರಬೇಡ. ದರ್ಜಿ ಹೆಂಗಸಿನ ಹಿಂದಿನ ಕೋಣೆ ಖಾಲಿ ಇದೆ, ಹೊಲಿಗೆ ಯಂತ್ರದ ಸದ್ದು ನನ್ನ ಎಡಕಿವಿಗೆ ತೊಂದರೆ ಕೊಡದು.

ಆದೇಶದ ಜೊತೆ ನಿನ್ನ ಸಹಿಯ ಫಾರಂ. ದಾಖಲೆಯನ್ನು ಕೊನೆಯದಾಗಿ ಮುಚ್ಚುವ ಮೊದಲು ಏರುಪೇರುಗಳ ಪಟ್ಟಿಗೆ ವೀಕ್ಷಕ, ಅಂದರೆ ನಾನು, ಕಾರಣ ಬರೆದು ಸಹಿ ಹಾಕಬೇಕು, ಆಮೇಲೆ ಮಳೆಯಲ್ಲದ್ದನ್ನೆಲ್ಲ ಅಳಿಸಲಾಗುವುದು. ಪಟ್ಟಿ ನೋಡಿದೆ. ಹಕ್ಕಿಯ ಹತ್ತು ಸಾಲು ಮೊದಲಲ್ಲೇ ಇದೆ, ಅವುಗಳ ಮುಂದೆ ನೀನೇ ಕಾರಣ ತುಂಬಿದ್ದೀಯ, ‘ವೀಕ್ಷಕನ ಮಗಳು’ ಅಂತ, ನಗದೆ, ಇಲಾಖೆಯ ಭಾಷೆಯಲ್ಲಿ. ಕೊನೆಗೆ ಭಾನುವಾರದ ನಲವತ್ತಮೂರು ಸಾಲು. ಅವುಗಳ ಮುಂದಿನ ಜಾಗ ಖಾಲಿ. ಮೇಕೆ ಅಂತ ನೀನು ಬರೆದಿಲ್ಲ. ಕಡೆಯ ಸಾಲಿನ ಅಂಕಿ ಇಪ್ಪತ್ತನಾಲ್ಕು ಇದೆ, ಅದರ ಪಕ್ಕ ಪೆನ್ಸಿಲಿನಲ್ಲಿ ಸಣ್ಣದೊಂದು ಪ್ರಶ್ನೆ ಚಿಹ್ನೆ. ಆ ಚಿಹ್ನೆ ನಿನ್ನ ಕೈಯದು, ಇಲಾಖೆಯದಲ್ಲ. ಎರಡು ವರ್ಷದಲ್ಲಿ ನೀನು ನನ್ನನ್ನು ಕೇಳಿದ ಮೊದಲ ಮಾತು.

ಅಮ್ಮ ಹೋದ ಮರುದಿನ ನೀನು ಬಂದೆ. ಮುಚ್ಚಿದ ಬಟ್ಟೆ ಸರಿಸಿ ಅವಳ ಕೈ ಹಿಡಿದು ನೋಡಿದೆ, ಬಳೆ ಮೊಣಕೈವರೆಗೆ ಜಾರಿತು. ‘ಎಷ್ಟು ದಿನದಿಂದ ಗೊತ್ತಿತ್ತು?’ ಅಂತ ಕೇಳಿದೆ. ಒಂದು ವಾರ ಅಂದೆ ನಾನು. ಇದ್ದಕ್ಕಿದ್ದಂತೆ ಆಯಿತು, ನಮಗೇ ತಿಳಿಯಲಿಲ್ಲ ಅಂದೆ. ನೀನು ಬಳೆಯನ್ನು ಮೆಲ್ಲಗೆ ಮಣಿಕಟ್ಟಿಗೆ ಇಳಿಸಿದೆ. ಆಮೇಲೆ ಜೋರಾಗಿ ಅಲ್ಲ, ಬಹಳ ಸುಸ್ತಾದವಳ ಹಾಗೆ, ‘ನೀನು ನಿಜ ಹೇಳಿದ್ರೂ ನಂಗೆ ಗೊತ್ತಾಗಲ್ಲ ಅಪ್ಪ’ ಅಂದೆ. ಅದೇ ಕೊನೆ. ಅಳೆಯುವುದು ನನ್ನ ಕೆಲಸ, ಅಳುವುದು ನಿಮ್ಮಮ್ಮನ ಕೆಲಸ ಅಂತ ಅವಳನ್ನು ಛೇಡಿಸುತ್ತಿದ್ದೆ. ಈಗ ಎರಡನ್ನೂ ನಾನೇ ಮಾಡಬೇಕು, ಒಂದನ್ನೂ ಸರಿಯಾಗಿ ಮಾಡಲು ಬರುವುದಿಲ್ಲ.

ಇಷ್ಟೇ ಸುದ್ದಿ. ಎಲ್ಲಿದ್ದರೂ ಹೊತ್ತಿಗೆ ಸರಿಯಾಗಿ ಊಟ ಮಾಡು, ಒಳ್ಳೆಯ ನಿದ್ದೆ ಬರಲಿ, ನಿನ್ನ ಎರಡು ವಾರಗಿತ್ತಿಯರು ದಾರಿ ತಪ್ಪದೆ ಸುತ್ತುತ್ತಿರಲಿ. ನಿನ್ನ ಚೌಕಗಳಲ್ಲಿ ಯಾವುದಾದರೂ ಒಂದು ಭಾರವಾಗುವುದನ್ನು ನೀನು ನೋಡುವಂತಾಗಲಿ ಅಂತ ಹರಸುತ್ತೇನೆ. ನಮ್ಮದು ಆಗಬೇಕಿಲ್ಲ, ಯಾರದಾದರೂ ಸರಿ.

ನಿನ್ನ ಅಪ್ಪ,
ಹದಿನಾರು ಮಿಲಿಮೀಟರ್

ಮರೆತ ಮಾತು: ಮರೆತದ್ದಲ್ಲ, ಇಷ್ಟು ಹಾಳೆ ಸುತ್ತಿ ಇಲ್ಲಿಗೆ ಬಂದೆ. ಹತ್ತಕ್ಕೆ ಅಂದವರು ಈಗಲೇ ಗೇಟಿನ ಹತ್ತಿರ ಬಂದು ಹಾರ್ನ್ ಹೊಡೆಯುತ್ತಿದ್ದಾರೆ, ಫಾರಮನ್ನೂ ಈ ಕಾಗದವನ್ನೂ ಅವರ ಜೀಪಿನಲ್ಲೇ ಕಳಿಸಬೇಕು, ಬೇಗ ಹೇಳುತ್ತೇನೆ. ಮೇಕೆ ಇರಲಿಲ್ಲ. ಹಾಲಿನವನ ಮೇಕೆ ಅದಕ್ಕಿಂತ ಒಂದು ವರ್ಷ ಮೊದಲೇ ಸತ್ತಿತ್ತು. ಭಾನುವಾರ ಏಳಕ್ಕೆ ಹುಲ್ಲಿನ ಮೇಲೆ ನಿಲ್ಲುತ್ತಿದ್ದವಳು ನಿಮ್ಮಮ್ಮ. ಇದು ವಾಸಿಯಾಗುವ ಕಾಯಿಲೆ ಅಲ್ಲ ಅಂತ ಡಾಕ್ಟರು ಮೊದಲ ದಿನವೇ ಹೇಳಿದ್ದರು, ವಾರಕ್ಕೊಮ್ಮೆ ತೂಕ ನೋಡಿ ಬರೆದಿಡಿ ಅಂದಿದ್ದರು. ತೂಕದ ಯಂತ್ರ ಕೊಳ್ಳಲು ಹೊರಟೆ. ‘ಹಿತ್ತಲಲ್ಲಿ ಹತ್ತು ಟನ್ನಿನ ತಕ್ಕಡಿ ಇಟ್ಕೊಂಡು ಇನ್ನೊಂದ್ಯಾಕೆ’ ಅಂದಳು. ನಿನಗೆ ಹೇಳಬೇಡಿ ಅಂದವಳು ಅವಳು, ನೀನು ಬಂದು ಅತ್ತು ಹೋದರೆ ಅವಳ ತೂಕ ಹೆಚ್ಚುವುದಿಲ್ಲ ಅಂದಳು. ಅವಳ ಮೇಲೆ ಹೊರಿಸುತ್ತಿಲ್ಲ. ಫೋನು ನನ್ನ ಕೈಯಲ್ಲಿತ್ತು, ಬಾಯಿ ನನ್ನದಿತ್ತು. ನಲವತ್ತಮೂರು ಸೋಮವಾರ ನಿನಗೆ ಸುಳ್ಳು ಹೇಳಿದೆ, ಆಮೇಲೆ ಅವಳ ಹೆಣದ ಮುಂದೆ ಒಂದೇ ವಾರ ಅಂದೆ. ಜೀವನದಲ್ಲಿ ಮಾಡಿದ ಬೇರೆ ಕೀಟಲೆಗಳೆಲ್ಲ ಬರೀ ನಗಿಸಲಿಕ್ಕೆ. ನಿಜವಾಗಿ ಮೋಸ ಮಾಡಿದ್ದು ಇದೊಂದೇ.

ಅವಳು ಯಾಕೆ ಅಷ್ಟು ಇಷ್ಟಪಟ್ಟು ಅಲ್ಲಿ ನಿಲ್ಲುತ್ತಿದ್ದಳು ಅಂತಲೂ ಹೇಳಬೇಕು. ತಲೆ ಬಾಚಿಕೊಂಡು, ಒಳ್ಳೆಯ ಸೀರೆ ಉಟ್ಟು ಬರುತ್ತಿದ್ದಳು. ‘ನಾಳೆ ಅವಳು ನೋಡ್ತಾಳಲ್ಲ’ ಅನ್ನುತ್ತಿದ್ದಳು. ಮೇಕೆ ಸೊರಗಿದೆ ಅಂತ ನೀನು ಅಂದ ದಿನ ಅವಳು ನನ್ನ ಪಕ್ಕದಲ್ಲೇ ಕೂತಿದ್ದಳು, ಅವಳ ಕಿವಿ ನಿನಗೆ ಗೊತ್ತು. ‘ಕಂಡುಹಿಡಿದಳಲ್ಲ’ ಅಂತ ಇಡೀ ದಿನ ಖುಷಿಯಾಗಿದ್ದಳು. ತಿನ್ನಲಿ ಬಿಡು ಅಂದೆಯಲ್ಲ, ಅವತ್ತು ಸಂಜೆ ಎರಡು ತುತ್ತು ಹೆಚ್ಚು ತಿಂದಳು.

ನಲವತ್ತಮೂರು ಸಾಲಿನ ಮುಂದೆಯೂ ‘ನನ್ನ ಹೆಂಡತಿ’ ಅಂತ ಬರೆದು ಸಹಿ ಹಾಕಿದ್ದೇನೆ. ಕಾರಣ ಏನೇ ಇದ್ದರೂ ಮಳೆಯ ದಾಖಲೆಯಲ್ಲಿ ಅದಕ್ಕೆ ಜಾಗವಿಲ್ಲ, ನಿಯಮ ನನಗೂ ಗೊತ್ತು, ಅಳಿಸಬೇ‌ಕಾದವಳು ನೀನೇ ಅನ್ನುವುದೂ ಗೊತ್ತು. ಅಳಿಸು. ಅದಕ್ಕೆ ಮೊದಲು ಮೊದಲಿನಿಂದ ಕೊನೆಯವರೆಗೆ ಒಂದು ಸಲ ಓದು. ಕಡೆಯ ಭಾನುವಾರ ಅವಳಿಗೆ ನಿಲ್ಲಲು ಆಗಲಿಲ್ಲ, ಆದರೂ ಹೋಗಲೇಬೇಕು ಅಂದಳು, ನಾನು ಎತ್ತಿಕೊಂಡು ನಿಂತೆ. ಅದಕ್ಕೇ ಇಪ್ಪತ್ತನಾಲ್ಕು. ಅದರಲ್ಲಿ ನನ್ನ ಹದಿನಾರನ್ನು ಕಳೆ. ಉಳಿದದ್ದು ಅವಳು, ಹನ್ನೆರಡನೆಯ ವಯಸ್ಸಿನಲ್ಲಿ ನೀನು ಇದ್ದಷ್ಟೇ.